ಒಡೆಯದ ಹಳದಿ ಗುಳಿಗೆ

ಕೊಡದ ಬಾಯಿಗೆ ಕಟ್ಟಿದ ಬಿಳಿ ಅರಿವೆ ನೀರಿನ ಭಾರಕ್ಕೆ ಒಳಗೆ ಜಗ್ಗಿತ್ತು, ಹನಿಹನಿಯಾಗಿ ಇಳಿಯುತ್ತಿತ್ತು, ಇಳಿಯಲಿ, ಹೊತ್ತು ಮುಳುಗಲು ಇನ್ನೂ ಸಮಯವಿದೆ ಅಂದುಕೊಂಡಳು ಬ್ರಾಹ್ಮಿ — ಸೋಸಿದ ಅರಿವೆಯನ್ನು ಮಗುಚಿ ಜಾಲಿಸಿ, ಆ ನೀರನ್ನು ಮತ್ತೆ ಅದೇ ಬಾವಿಗೆ ಬಿಡಬೇಕು, ಕಣ್ಣಿಗೆ ಕಾಣದ ಜೀವವೂ ನೆಲಕ್ಕೆ ಬಿದ್ದು ಸಾಯಬಾರದು, ಮದುವೆಯಾಗಿ ಭೋಜ ಎಂಬ ಈ ಊರಿಗೆ ಬಂದ ದಿನವೇ ಅತ್ತೆ ಗಂಗೂಬಾಯಿ ಹೇಳಿಕೊಟ್ಟದ್ದು, ಅಂದಿನಿಂದ ಒಂದು ದಿನವೂ ತಪ್ಪಿಲ್ಲ, ಕಾಣದ ಜೀವಕ್ಕೆ ಇಷ್ಟು ಕಾಳಜಿ ಮಾಡಿದವಳು ಕಂಡ ಜೀವವನ್ನು — ಕಂಡಿತ್ತಲ್ಲ, ನಿಪ್ಪಾಣಿಯ ದವಾಖಾನೆಯ ಸ್ಕ್ಯಾನಿಂಗ್ ಪರದೆಯ ಮೇಲೆ ಕಾಲು ಝಾಡಿಸುತ್ತಿತ್ತು ಹೊಟ್ಟೆಯೊಳಗಿನ ಐದು ತಿಂಗಳ ಕೂಸು, ಡಾಕ್ಟರಮ್ಮ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು, ತಲೀ ಚಿಪ್ಪು ಬೆಳದಿಲ್ಲಮ್ಮಾ, ಮೆದುಳೂ ಬೆಳದಿಲ್ಲ, ಹುಟ್ಟಿದರೂ ಉಳಿಯಂಗಿಲ್ಲ, ಇಬ್ಬರೂ ಕೂತು ವಿಚಾರ ಮಾಡ್ರಿ — ವಿಚಾರ ಮಾಡಿದರು, ಅತ್ತರು, ಗರ್ಭ ತೆಗೆಸಲು ಸಹಿ ಮಾಡಿದರು, ತಿಂಗಳಾಯಿತು. ಎದೆಯ ಹಾಲು ಬತ್ತಿ ವಾರವಾಯಿತು.

ಒಳಗೆ ಸುಡುವುದು ಆ ಸಹಿಯಲ್ಲ, ಉಳಿಯದ ಕೂಸನ್ನು ಒಂಬತ್ತು ತಿಂಗಳು ಹೊರುವ ಶಕ್ತಿ ಅವಳಿಗಿರಲಿಲ್ಲ, ಸುಡುವುದು ಬೇರೆಯೇ — ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ, ಹಳದಿ ಗುಳಿಗೆಯ ಪಟ್ಟಿ, ಒಂದೂ ಒಡೆದಿಲ್ಲ. ಆಶಾ ಕಾರ್ಯಕರ್ತೆ ಶುಭಾಂಗಿ ಕೊಟ್ಟಿದ್ದಳು, ಬಸರಾಗೂಕಿಂತ ಮೊದಲ ಚಾಲೂ ಮಾಡ್ರಿ ವೈನಿ, ಕೂಸಿನ ತಲೀ ಛಲೋ ಬೆಳೀತೈತಿ, ರಾತ್ರಿ ಊಟ ಆದಮ್ಯಾಲ ಒಂದು — ರಾತ್ರಿ ಊಟ! ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟದ ಜೈನರ ಮನೆ, ಮುಂಜಾನೆ ತಗೊಂಡರ ನಡೀತೈತೇನು ಎಂದು ಒಂದು ಮಾತು ಕೇಳಿದ್ದರೆ ಬಾಯಿ ಬಿದ್ದುಹೋಗುತ್ತಿತ್ತೇ, ನಕ್ಕು ಒಳಗಿಟ್ಟಳು, ನೇಮ ಮುರಿಯಲಿಲ್ಲವೆಂಬ ಹೆಮ್ಮೆ ಬೇರೆ. ಗುಳಗಿ ತಗೊಂಡಿದ್ದಿ ಅಲ್ಲಮ್ಮಾ ಎಂದು ಡಾಕ್ಟರಮ್ಮ ಕೇಳಿದಾಗ ಗಂಡ ಕುಣಾಲ ಪಕ್ಕದಲ್ಲೇ ನಿಂತಿದ್ದ, ಹೂಂರಿ ಅಂದಳು, ತಗೊಂಡರೂ ಒಮ್ಮೊಮ್ಮೆ ಹಿಂಗ ಆಗತೈತಿ ಅಂದರು ಅವರು, ಆದರೆ ಕುಣಾಲ ತಾನೇ ಕಾರಣ ಹುಡುಕಿಕೊಂಡ, ಕಬ್ಬಿಗೆ ಔಷಧ ಹೊಡದ ಕೈಲೇ ಮನೀಗಿ ಬರತಿದ್ದೆ, ನನ್ನಿಂದನ ಆತು ನೋಡು — ಅಲ್ಲ ಅನ್ನಬೇಕಿತ್ತು, ಅನ್ನಲಿಲ್ಲ, ಪಾಪಿ, ತನ್ನ ತಪ್ಪನ್ನು ಗಂಡನ ಹೆಗಲಿಗೆ ಹಾಕಿ ಹಗುರಾಗಲು ನೋಡಿದಳು, ಹಗುರಾಯಿತೇ, ಇಲ್ಲ, ಈಗಲೂ ಹಿತ್ತಲ ಕಲ್ಲಿನ ಹತ್ತಿರ ಕೈ ತಿಕ್ಕುತ್ತಿದ್ದಾನೆ, ಸಾಬೂನು, ಬೂದಿ, ಮತ್ತೆ ಸಾಬೂನು, ಔಷಧದ ಪಂಪು ಮುಟ್ಟಿ ತಿಂಗಳಾದರೂ, ಅಲ್ಲಿಂದಲೇ ಕೂಗಿದ, ಬ್ರಾಹ್ಮೀ, ಹೊತ್ತು ಮುಳಗಾಕತ್ತೈತಿ, ಊಟಕ್ಕ ಬಾ — ಬಂದೆರೀ, ಇವತ್ತು ಹೇಳಿಬಿಡಬೇಕು, ನಿಮ್ಮ ಕೈಯಾಗ ಏನೂ ಇಲ್ಲರಿ ಅನ್ನಬೇಕು, ಅರಿವೆ ಜಾಲಿಸಿದ ನೀರನ್ನು ಹಗ್ಗದ ಕೊಡದಲ್ಲಿ ಬಾವಿಗೆ ಇಳಿಸಿದಳು, ಮೆಲ್ಲಗೆ, ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ, ತಿರುಗಿದರೆ ಅವನು ಒದ್ದೆ ಕೈ ಮೂಸಿಕೊಳ್ಳುತ್ತ ನಿಂತಿದ್ದ, ಇನ್ನೂ ವಾಸನೀ ಐತೇನು ನೋಡು ಎಂದು ಮುಂದೆ ಚಾಚಿದ, ತಿಕ್ಕಿ ತಿಕ್ಕಿ ಕೆಂಪಾದ ಅಂಗೈ, ಅವಳು ಬಾಯಿ ತೆರೆದಳು — ಕಣ್ಣ ಮುಂದೆ ಬಂದದ್ದು ಹಳದಿ ಗುಳಿಗೆ, ಸಾಲಾಗಿ, ಒಂದೂ ಒಡೆಯದ ಹಳದಿ ಗುಳಿಗೆ