ನೋವಿಲ್ಲದ ಮಂಡಿ

ದಾರದ ತುದಿಯ ಹಿತ್ತಾಳೆ ಗುಂಡು ಇನ್ನೂ ಅಲ್ಲಾಡುತ್ತಿದೆ, ಸ್ಟ್ಯಾಂಡಿಗೆ ಬಿಗಿದ ಸೈಕಲ್ಲಿನ ಮೇಲೆ ಕೂತ ಮಗಳ ಬಲಮಂಡಿಯಿಂದ ಇಳಿಬಿಟ್ಟ ದಾರ, ಅದು ಪೆಡಲಿನ ನಟ್ಟನಡುವೆ ಬಂದು ನಿಂತರೆ ಸೀಟು ಇರಬೇಕಾದಲ್ಲಿ ಇದೆ ಅಂತ ಲೆಕ್ಕವಂತೆ, ಅಲುಗಾಡಬೇಡಮ್ಮ ಎಂದು ಸೈಕಲ್ ಅಂಗಡಿಯವರು ಹೇಳಿದ್ದು ಅವಳಿಗೆ, ಉಸಿರು ಬಿಗಿಹಿಡಿದು ನಿಂತಿರುವುದು ನಾನು — ಎಷ್ಟು ಶ್ರದ್ಧೆಯಿಂದ ನೋಡುತ್ತಿದ್ದಾರೆ, ಕನ್ನಡಕ ಹಣೆಗೇರಿಸಿ, ನೆಲಕ್ಕೆ ಕುಕ್ಕರಿಸಿ, ಯಾವ ನೋವೂ ಇಲ್ಲದ ಆ ಮಂಡಿಯನ್ನು. ಎಲ್ಲಿ ನೋವು ಎಂದು ಕೇಳಿದಾಗ ಅವಳು ಒಂದು ಗಳಿಗೆ ನನ್ನ ಕಡೆ ನೋಡಿದಳು, ಆಮೇಲೆ ಬೆರಳಿಟ್ಟಳು, ಇಲ್ಲಿ ಅಂಕಲ್, ಚಿಪ್ಪಿನ ಕೆಳಗೆ. ಚಿಪ್ಪಿನ ಕೆಳಗೆ ಅನ್ನುವುದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅದು ಅವಳ ಸ್ವಂತದ್ದು, ಹತ್ತೊಂಬತ್ತು ವರ್ಷಕ್ಕೇ ಎಷ್ಟು ಅಚ್ಚುಕಟ್ಟಾಗಿ ಸುಳ್ಳು ಹೇಳುತ್ತಾಳೆ, ಯಾರಿಂದ ಕಲಿತಳು ಅಂತ ಬೇರೆ ಕೇಳಬೇಕೆ — ಸೈಕಲ್ಲು ತಳ್ಳಿಕೊಂಡು ಬರುವಾಗ ತಿರುವಿನಲ್ಲಿ ನಿಲ್ಲಿಸಿ ಹೇಳಿದವಳು ನಾನೇ, ನೋಡು, ಗಂಡಸರಿರೋ ಅಂಗಡಿ, ಮಂಡಿ ಅಂತ ಹೇಳು, ಹೇಗೂ ಅವರು ಸರಿ ಮಾಡೋದು ಸೀಟನ್ನೇ ತಾನೆ, ಎಲ್ಲ ಒಂದೇ.

ಎಲ್ಲ ಒಂದೇ ಅಲ್ಲ. ಮಂಡಿಯ ಮುಂದೆ ನೋವು ಅಂದರೆ ಸೀಟು ತಗ್ಗಾಯಿತು ಎಂದುಕೊಂಡು ಅವರು ಅಲೆನ್ ಕೀ ತಿರುಗಿಸಿ ಸೀಟನ್ನು ಒಂದು ಬೆರಳು ಮೇಲೆತ್ತಿದರು, ತುಳಿದು ನೋಡಮ್ಮ ಎಂದರು, ಈಗ ಪೆಡಲ್ ಕೆಳಗೆ ಹೋದಾಗಲೆಲ್ಲ ಕಾಲು ಎಟುಕದೆ ಅವಳ ಸೊಂಟ ಆ ಕಡೆ ಈ ಕಡೆ ಜಾರುತ್ತಿದೆ, ಜಾರುತ್ತ ಉಜ್ಜುತ್ತಿರುವುದು ಅದೇ ಜಾಗವನ್ನು, ಕಿತ್ತುಹೋದ ಚರ್ಮವನ್ನು, ನನಗೆ ಗೊತ್ತು, ಅವಳ ದವಡೆ ಬಿಗಿದಿರುವುದು ನನಗೊಬ್ಬಳಿಗೇ ಕಾಣುತ್ತಿದೆ. ಮೂರು ವಾರದ ಹಿಂದೆ ಬಟ್ಟೆ ನೆನೆಸುವಾಗ ಅವಳ ಸೈಕಲ್ ಚಡ್ಡಿಯ ಮೆತ್ತೆಯ ಮೇಲೆ ಕಲೆ ಕಂಡಿತು, ತಿಂಗಳಿನದಲ್ಲ, ದಿನ ಎಣಿಸಿ ನೋಡಿದ್ದೆ, ಕೇಳಿದರೆ, ಕೂತ್ರೆ ಉರಿಯುತ್ತಮ್ಮ, ಸೀಟು ಚುಚ್ಚುತ್ತೆ, ಅಂಗಡಿಗೆ ಹೋಗೋಣ್ವಾ ಎಂದಳು. ಮನೆಯಲ್ಲಿ ಆಗ ನಾವಿಬ್ಬರೇ, ಆದರೂ ನಾನು ಎದ್ದುಹೋಗಿ ಬಾಗಿಲು ಹಾಕಿದೆ. ಪೌಡರ್ ಕೊಟ್ಟೆ. ಅಭ್ಯಾಸ ಆಗುತ್ತೆ, ಎಲ್ಲರಿಗೂ ಹಾಗೇ ಎಂದೆ, ಎಲ್ಲರೂ ಅಂದರೆ ಯಾರು, ನಾನು ಯಾರನ್ನು ಕೇಳಿದ್ದೆ — ಅಪ್ಪನ ಮುಂದೆ ಈ ಮಾತೆಲ್ಲ ಎತ್ತಬೇಡ ಎಂದೂ ಸೇರಿಸಿದೆ, ಪಾಪ ಅವರೇನು ಮಾಡಿದ್ದರು. ಹಗಲೆಲ್ಲ ಪಠ್ಯಪುಸ್ತಕಗಳ ಕರಡು ತಿದ್ದುವವಳು ನಾನು, ಒಂದು ಪದ ಆಚೀಚೆಯಾದರೆ ನಿದ್ದೆ ಬರುವುದಿಲ್ಲ, ಮೈಯ ಈ ಒಂದು ಗೇಣು ಜಾಗಕ್ಕೆ ಮಾತ್ರ ನನ್ನ ಬಾಯಲ್ಲಿ ಪದವಿಲ್ಲ, ಅಲ್ಲಿ ಅನ್ನುತ್ತೇನೆ, ಅದು ಅನ್ನುತ್ತೇನೆ. ಚಿಕ್ಕವಳಿದ್ದಾಗ ಅಣ್ಣನ ಸೈಕಲ್ಲು ಕಲಿಯಹೋಗಿ ನಡುವಿನ ಕಂಬಿಯ ಮೇಲೆ ಬಿದ್ದೆ, ಕಣ್ಣು ಕತ್ತಲೆ ಬಂತು, ದೊಡ್ಡಮ್ಮ ಎಲ್ಲಿಗೆ ಪೆಟ್ಟಾಯಿತೇ ಎಂದರೆ ಹೊಟ್ಟೆ ಎಂದೆ, ಎರಡು ದಿನ ಹೊಟ್ಟೆನೋವಿನ ಔಷಧಿ ಕುಡಿಸಿದರು, ನಾನೂ ಮೂಗು ಮುಚ್ಚಿಕೊಂಡು ಕುಡಿದೆ. ಮತ್ತೆ ಅವಳ ಸೈಕಲ್ ರೇಸಿನ ಕೋಚು, ಹೋದ ಭಾನುವಾರ, ನಿಮ್ಮ ಮಗಳ ಕಾಲಲ್ಲಿ ಏನು ದಮ್ಮು ಮೇಡಂ, ಸಮತಟ್ಟು ರಸ್ತೇಲೂ ಎದ್ದು ನಿಂತೇ ತುಳೀತಾಳೆ ಎಂದರು, ಕೂರಲಾಗದೆ ನಿಂತಿದ್ದಾಳೆ ಎಂದು ಗೊತ್ತಿದ್ದೂ ನಾನು ನಕ್ಕೆ, ಸ್ವಲ್ಪ ಹೆಮ್ಮೆಯೂ ಆಯಿತು, ಛೆ, ಆಯಿತು.

ಹೇಗಿದೆಯಮ್ಮ ಈಗ, ಆರಾಮಾ? ಆರಾಮು ಅಂಕಲ್. ಹಲ್ಲು ಕಾಣದ ಆ ನಗು ನನ್ನದೇ, ನೆಂಟರ ಮುಂದೆ ನಾನು ಇಟ್ಟುಕೊಳ್ಳುವ ನಗು, ಅವಳ ಮುಖದ ಮೇಲೆ. ಅವರು ಕೀ ತೆಗೆದುಕೊಂಡು ಬಗ್ಗಿದರು, ಇದೊಂದು ಬಿಗಿ ಮಾಡಿಬಿಟ್ರೆ ಭಾನುವಾರದ ಸೆಲೆಕ್ಷನ್ ರೇಸು, ಎಂಬತ್ತು ಕಿಲೋಮೀಟ್ರು, ಹೂವೆತ್ತಿದ ಹಾಗೆ — ಬಿಗಿಯಾಗುತ್ತಿದೆ, ಎಂಬತ್ತು ಕಿಲೋಮೀಟರ್, ಆ ಗಾಯದ ಮೇಲೆ — ಮಂಡಿ ಅಲ್ಲ ಎಂದೆ. ಯಾರೋ ಹೇಳಿದಂತಿತ್ತು. ಮಂಡಿ ಅಲ್ಲ, ಅವಳಿಗೆ ನೋವಿರೋದು ಕೂರೋ ಜಾಗದಲ್ಲಿ, ಚರ್ಮ ಕಿತ್ತಿದೆ, ಮಂಡಿ ಅಂತ ಹೇಳು ಅಂದಿದ್ದು ನಾನು. ಎದುರಿನ ಗೋಡೆಗೆ ನೇತುಹಾಕಿದ ಟೈರುಗಳನ್ನು ಎಣಿಸುತ್ತಿದ್ದೇನೆ, ಒಂದು, ಎರಡು, ಅವರು ತಲೆಯನ್ನೂ ಎತ್ತಲಿಲ್ಲ, ಚಪ್ಪಲಿ ಕಾಲು ಕಚ್ಚಿದ್ರೆ ಅಂಗಡಿಗೆ ಹೋಗಿ ಕೈ ನೋವು ಅಂತೀರಾ ಮೇಡಂ ಎಂದರು, ಅಷ್ಟೇ, ಬೈದಹಾಗೂ ಇಲ್ಲ. ಸೀಟನ್ನು ಮೊದಲಿದ್ದುದಕ್ಕಿಂತ ಕೆಳಗೆ ಇಳಿಸಿದರು, ಸೀಟಿನ ಮೂತಿ ಮೇಲಕ್ಕೆ ಎದ್ದಿದೆ ನೋಡಿ, ಇದೇ ಚುಚ್ಚಿರೋದು ಎಂದು ಒಂಚೂರು ಬಗ್ಗಿಸಿದರು, ನಡುವೆ ಸೀಳಿರುವ ಅಗಲದ ಸೀಟೊಂದನ್ನು ಅಂಗಡಿಯ ಒಳಗಿನಿಂದ ತಂದು ಪಕ್ಕದಲ್ಲಿಟ್ಟರು, ವಾರಕ್ಕೆ ನಾಲ್ಕು ಜನ ಹೆಣ್ಣುಮಕ್ಕಳು ಇದಕ್ಕೇ ಬರ್ತಾರೆ, ನನ್ನ ಹೆಂಡತಿಗೂ ಇದೇ ಹಾಕಿರೋದು. ಐದು ನಿಮಿಷದ ಕೆಲಸ. ಆಮೇಲೆ ಎದ್ದು ಕೈ ಒರೆಸಿಕೊಳ್ಳುತ್ತ, ಆದ್ರೆ ಭಾನುವಾರ ಬೇಡಮ್ಮ, ಗಾಯ ಒಣಗಲಿ, ಹತ್ತು ದಿನ ಇದನ್ನ ಹತ್ತಲೇಬೇಡ, ಮೂರು ವಾರದ ಹಿಂದೆ ಬಂದಿದ್ರೆ ಆರಾಮಾಗಿ ಓಡಿಸಬಹುದಿತ್ತು. ಮೂರು ವಾರ, ಲೆಕ್ಕ ಅವರಿಗೆ ಹೇಗೆ ಸಿಕ್ಕಿತು, ಸುಮ್ಮನೆ ಬಾಯಿಗೆ ಬಂದದ್ದಿರಬೇಕು, ನನಗೇ ನಾಟಿತು. ಅವಳು ಇಳಿದಳು. ಅಳುತ್ತಾಳೆ ಅಂದುಕೊಂಡೆ, ಕೂಗಾಡುತ್ತಾಳೆ, ಕೂಗಾಡಲಿ, ಇಲ್ಲ, ಹತ್ತಿರ ಬಂದು ನನ್ನ ತೋಳು ಮುಟ್ಟಿ, ಪರವಾಗಿಲ್ಲಮ್ಮ, ಕೋಚ್‌ಗೆ ಮಂಡಿ ನೋವು ಅಂತ ಮೆಸೇಜ್ ಹಾಕ್ತೀನಿ ಬಿಡು, ನೀನು ಬೇಜಾರು ಮಾಡ್ಕೋಬೇಡ ಎಂದಳು, ಮೊಬೈಲ್ ತೆಗೆದಳು, ಬರೆಯುತ್ತಿದ್ದಾಳೆ, ನನ್ನ ಮರ್ಯಾದೆ ಕಾಪಾಡುತ್ತಿದ್ದಾಳೆ, ಬೇಡ ಅನ್ನಬೇಕು, ಅನ್ನುತ್ತೇನೆ, ಪರದೆಯ ಮೇಲೆ ಮಂ, ಪಕ್ಕದಲ್ಲಿ ಡಿ, ಕಳಿಸುವ ಗುಂಡಿಯ ಮೇಲೆ ಅವಳ ಹೆಬ್ಬೆರಳು, ಉಗುರಿನ ಸಂದಿಯಲ್ಲಿ ಚೈನಿನ ಕರಿ ಎಣ್ಣೆ, ಆ ಹೆಬ್ಬೆರಳು, ಆ ಹೆಬ್ಬೆರಳು —