ಏನೂ ಮಾಡಬಾರದು

ನನ್ನ ದೊಡ್ಡಮ್ಮ ಹರಿದ ಬಟ್ಟೆ ಹೊಲಿದುಕೊಟ್ಟರೆ, ಅದು ಹರಿದಿತ್ತು ಎಂದವರೇ ಸುಳ್ಳುಗಾರರಾಗಬೇಕು. ಬೀದಿಯಂಚಿನ ಅವಳ ಅಂಗಡಿ ಎಂದರೆ ಒಂದು ಹೊಲಿಗೆ ಮೆಷಿನ್ನು, ಒಂದು ಪರದೆ, ಪರದೆಯ ಹಿಂದೆ ಬಟ್ಟೆ ಹಾಕಿ ನೋಡುವಷ್ಟು ಜಾಗ. ಬಾಯಿ ಮಾತ್ರ ಊರಗಲ. ನನ್ನ ಗಂಡ ಎಳೆದು ಹರಿದ ನನ್ನ ಮೂರು ಅಂಗಿಗಳನ್ನು ಅವಳು ಹೊಲಿದುಕೊಟ್ಟಿದ್ದಳು. ಮೊಳೆಗೆ ಸಿಕ್ಕಿಕೊಂಡಿತು ಎನ್ನುತ್ತಿದ್ದೆ ನಾನು.

"ನಿಮ್ಮನೇಲಿ ಗೋಡೆಗಿಂತ ಮೊಳೆನೇ ಜಾಸ್ತಿ ಕಣೇ" ಎಂದು ನಗುತ್ತಿದ್ದಳು.

ಮುಂದಿನ ಸಲ ಅವನು ಎಳೆದಾಗ ನನ್ನ ಕೋಟಿನ ತೋಳು ಬುಡದಲ್ಲೇ ಕಿತ್ತು ಜೋತುಬಿತ್ತು, ನನ್ನ ಭುಜವೂ ಉಳುಕಿತು. ಮಗಳನ್ನು ಎತ್ತಿಕೊಂಡು, ಬಟ್ಟೆಯ ಚೀಲ ಹಿಡಿದು ದೊಡ್ಡಮ್ಮನ ಮನೆಗೆ ಬಂದು ಎಲ್ಲ ಹೇಳಿದೆ. ಅವತ್ತು ಅವಳು ನಗಲಿಲ್ಲ.

ಅವನು ನನ್ನ ಮತ್ತು ಮಗಳ ಹತ್ತಿರ ಸುಳಿಯಬಾರದೆಂದು ಕೋರ್ಟು ಆದೇಶ ಕೊಡಬೇಕಿತ್ತು. ಅದಕ್ಕೆ ಸಾಕ್ಷಿ ಬೇಕೆಂದರು ವಕೀಲೆ. ಆಸ್ಪತ್ರೆಯ ಚೀಟಿ, ಭುಜದ ಫೋಟೋ ಕೊಟ್ಟೆ. ದೊಡ್ಡಮ್ಮ ಹುರುಪಿನಿಂದ ಮೂರು ಅಂಗಿಗಳನ್ನೂ ಮೇಜಿನ ಮೇಲೆ ಹರಡಿದಳು. ವಕೀಲೆ ತಿರುಗಿಸಿ ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಎಲ್ಲಿ ಹರಿದಿದೆ?"

ದೊಡ್ಡಮ್ಮ ಇಂಗು ತಿಂದ ಮಂಗನಂತಾದಳು. "ಬಿಚ್ಚಿ ಕೊಡ್ಲಾ?" ಎಂದು ಚೀಲದಿಂದ ಕತ್ತರಿಯನ್ನೂ ತೆಗೆದಳು.

"ಬೇಡಮ್ಮ. ಈಗ ಬಿಚ್ಚಿದ್ರೆ ನೀವು ಹರಿದ ಹಾಗಾಗುತ್ತೆ. ಕೋಟನ್ನಾದ್ರೂ ಕೋರ್ಟಿಗೆ ಕೊಡೋವರೆಗೆ ಹಾಗೇ ಇಡಿ." ನನ್ನ ಕಡೆ ತಿರುಗಿ, "ಅವನು ಏನಂದ್ರೂ ಆಗಲೇ ತಾರೀಖು ಹಾಕಿ ಬರೆದು ನನಗೆ ಕಳಿಸಿ" ಎಂದರು.

ಅಂಗಡಿಗೆ ಬರುವ ಪ್ರತಿ ಬಟ್ಟೆಗೂ ದೊಡ್ಡಮ್ಮ ಗುಂಡುಪಿನ್ನು ಚುಚ್ಚಿ ಒಂದು ಚೀಟಿ ಹಾಕುತ್ತಾಳೆ, ಯಾರದು, ಏನು ಮಾಡಬೇಕು ಎಂದು. ಕೋಟಿಗೂ ಹಾಕಿದಳು: 'ನನ್ನ ಮಗಳದು. ಏನೂ ಮಾಡಬಾರದು.' ಆಮೇಲೆ ಅದನ್ನು ಕಣ್ಣೆದುರಿಗೇ ನೇತುಹಾಕಿಕೊಂಡು ಸಂಕಟಪಟ್ಟಳು. ಅಳುವ ಮಗುವನ್ನು ಎತ್ತಿಕೊಳ್ಳದೆ ಕೂತ ಹಾಗಿತ್ತು ಅವಳ ಪಾಡು.

"ತೋಳು ಜೋತಾಡ್ತಿದೆ ಕಣೇ. ಒಂದೇ ಒಂದು ಹೊಲಿಗೆ."

"ಕೈ ಕಟ್ಟಿ ಕೂತ್ಕೋ" ಎಂದು ಗದರಿದೆ. ಇಂಥ ಜೀವದ ಮೇಲೆ ಪ್ರೀತಿ ಉಕ್ಕದೆ ಇರುವುದು ಹೇಗೆ?

ಮಾರನೆಯ ಮಧ್ಯಾಹ್ನ ನನ್ನ ಗಂಡ ಅಂಗಡಿಗೆ ಬಂದ. ನಾನು ಪರದೆಯ ಹಿಂದಿನಿಂದ ಇಣುಕಿ ನೋಡುತ್ತಿದ್ದೆ. ಪಕ್ಕದಂಗಡಿಯ ಇಸ್ತ್ರಿ ಅಣ್ಣ ಬಟ್ಟೆ ಎಣಿಸಿಕೊಳ್ಳುತ್ತಿದ್ದ. ತನ್ನ ಅರ್ಧ ವಯಸ್ಸಿನವನಾದರೂ ಅಳಿಯನೆಂದು ದೊಡ್ಡಮ್ಮ ನನ್ನ ಗಂಡನಿಗೆ ಮದುವೆಯ ದಿನದಿಂದ 'ನೀವು' ಎಂದೇ ಅನ್ನುತ್ತಿದ್ದಳು. ಅವತ್ತೂ "ಬನ್ನಿ" ಎಂದಳು.

"ಅವಳ ಕೋಟು ಇಲ್ಲೇ ಇದೆಯಲ್ಲ ದೊಡ್ಡಮ್ಮ. ಸಿಟ್ಟಲ್ಲಿ ಎಳೆದೆ, ತೋಳು ಕಿತ್ತು ಬಂತು. ನಿಮ್ಮ ಕೈಲಿ ಹೊಲಿದುಬಿಡಿ, ಗೊತ್ತೇ ಆಗಲ್ಲ. ನಾಳೆ ಅವಳನ್ನ ಮನೆಗೆ ಕರ್ಕೊಂಡು ಹೋಗ್ತೀನಿ." ಮಾತು ಬೆಣ್ಣೆ, ಕೈ ಆಗಲೇ ಕೋಟಿನ ಕಡೆ ಚಾಚಿತ್ತು.

ಹೊಲಿದುಕೊಡಿ ಎಂದು ಬಂದ ಯಾರನ್ನೂ ದೊಡ್ಡಮ್ಮ ಬರಿಗೈಯಲ್ಲಿ ಕಳಿಸಿದವಳಲ್ಲ. ಅವಳು ಎದ್ದು ಕೋಟಿಗೆ ಅಡ್ಡ ನಿಂತಳು.

"ಮೂರು ಸಲ ಹೊಲಿದೆ. ಅವಳ ಅಂಗಿ ಹೊಲೀತಿದ್ದೀನಿ ಅಂದ್ಕೊಂಡಿದ್ದೆ. ನಾನು ಮುಚ್ಚಿದ್ದು ನಿನ್ನ ಮಾನ. ಇನ್ನು ನನ್ನ ಕೈಲಾಗಲ್ಲ. ನೀನು ಹೋಗು."

ಆ 'ನೀನು' ಕೇಳಿ ಇಸ್ತ್ರಿ ಅಣ್ಣ ಎಣಿಕೆ ಬಿಟ್ಟು ತಲೆ ಎತ್ತಿದ. ನನ್ನ ಗಂಡ ಇಬ್ಬರ ಮುಖವನ್ನೂ ನೋಡಿ ಚಾಚಿದ ಕೈ ಹಿಂದಕ್ಕೆಳೆದುಕೊಂಡು ಹೊರಟುಹೋದ.

ನಾನು ಓಡಿ ಬಂದು ದೊಡ್ಡಮ್ಮನನ್ನು ತಬ್ಬಿಕೊಂಡೆ. ನನಗೆ ಅಳು ತಡೆಯಲಾಗಲಿಲ್ಲ.

"ಆಮೇಲೆ ಅಳೋಣ" ಎಂದು ನನ್ನ ಕೈಗೆ ಫೋನು ತುರುಕಿದಳು. "ಸಿಟ್ಟಲ್ಲಿ ಎಳೆದೆ ಅಂದ್ನಲ್ಲ, ಅವನು ಅಂದ ಹಾಗೇ ವಕೀಲರಿಗೆ ಬರಿ. ನನ್ನ ಹಾಗೆ ಚೆಂದ ಮಾಡೋಕೆ ಹೋಗಬೇಡ."