ಐದು ಮಕ್ಕಳ ಶಾಲೆ

ಆಗೆಲ್ಲ ನಮ್ಮ ಗುಂಡ್ಲುಪೇಟೆ ಕಡೆ ಮಗುವಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದರೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಹೊತ್ತುಕೊಳ್ಳುತ್ತಿದ್ದರು. ಹರಕೆ ತೀರಿಸಿ ಬಂದ ಮೇಲೆ ಆ ಮಗುವನ್ನು ದನ ಕಾಯಲು ಬಿಡುತ್ತಿದ್ದರು. ಶಾಲೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಎತ್ತಿದವರು ನಮ್ಮ ಯಜಮಾನರು, ಶಿವರುದ್ರಸ್ವಾಮಿ ಮೇಷ್ಟ್ರು. ಕಿವಿ ಕೇಳದ ಮಕ್ಕಳಿಗೆ ಕಲಿಸುವ ವಿದ್ಯೆಯನ್ನು ಮೈಸೂರಿನಲ್ಲಿ ಕಲಿತು ಬಂದು, ಐವತ್ತಾರನೇ ಇಸವಿಯಲ್ಲಿ ಪೇಟೆಯ ರಾಗಿ ಮಂಡಿಯ ಹಿಂದಿನ ಕೋಣೆಯಲ್ಲಿ ಶಾಲೆ ಇಟ್ಟರು. ಮಕ್ಕಳು ಐದೇ ಐದು.

ಅಂಗೈ ಮೇಲೆ ಚಿಟಿಕೆ ರಾಗಿ ಹಿಟ್ಟು ಇಟ್ಟುಕೊಂಡು ‘ಪ’ ಅನ್ನುತ್ತಿದ್ದರು. ಹಿಟ್ಟು ಹಾರುತ್ತಿತ್ತು. ‘ಮ’ ಅಂದರೆ ಹಾರುತ್ತಿರಲಿಲ್ಲ. ಅದನ್ನು ಮಕ್ಕಳು ಕಣ್ಣಲ್ಲಿ ನೋಡಿ ಕಲಿಯಬೇಕು. ‘ಬ’ ಕಲಿಸಲು ಮಗುವಿನ ಕೈಯನ್ನು ತಮ್ಮ ಗಂಟಲ ಮೇಲೆ ಇಟ್ಟುಕೊಂಡು ಅಲ್ಲಿಯ ಅದುರು ತೋರಿಸುತ್ತಿದ್ದರು. ಒಂದೊಂದು ಅಕ್ಷರಕ್ಕೆ ಎರಡು ತಿಂಗಳೂ ಹಿಡಿಯುತ್ತಿತ್ತು. ಸಂಜೆ ಮೀಸೆಗೆ ಹಿಟ್ಟು ಮೆತ್ತಿಕೊಂಡು ಬಂದರೆ ಬೀದಿಯವರು, ‘ಮೇಷ್ಟ್ರು ಮಿಲ್ಲಿಗೆ ಓಗಿದ್ರಾ?’ ಎಂದು ಕಿಚಾಯಿಸುತ್ತಿದ್ದರು. ಆಗ ನನಗೆ ನಾಚಿಕೆಯಾಗುತ್ತಿತ್ತು. ಈಗ ಆ ಮುಖ ನೆನೆದರೆ ಕಣ್ಣು ತುಂಬುತ್ತದೆ.

ಎರಡನೇ ವರ್ಷ ಚಾಮರಾಜನಗರದ ದೊಡ್ಡ ಶಾಲೆಯಿಂದ ಕಾಗದ ಬಂತು. ಹೆಡ್‌ಮಾಸ್ಟರ್ ಕೆಲಸ. ಸೋಮವಾರದೊಳಗೆ ಒಪ್ಪಿಗೆ ತಿಳಿಸಬೇಕಿತ್ತು.

‘ಒಪ್ಕೊಳಿ’ ಅಂದೆ. ‘ಎರಡು ವರ್ಷ ಬಾಯಿ ನೋಯಿಸ್ಕೊಂಡ್ರಲ್ಲ, ಒಂದು ಮಗುವಾದ್ರೂ ಪಾಸಾಯ್ತಾ? ಇದ್ರಲ್ಲಿ ನಿಮ್ಗೇನು ಸುಖ?’

‘ಅದ ಎಂಗ್ ಯೇಳ್ಲಿ ಮಲ್ಲಾಜಮ್ಮಿ. ಅಲ್ಲಿಗೆ ನಾನ್ ಓಗ್ದಿದ್ರೆ ಇನ್ನೊಬ್ಬ ಮೇಷ್ಟ್ರು ಬತ್ತನ. ಇಲ್ಲಿ ನಾನ್ ಬುಟ್ರೆ ಬೀಗ ಬೀಳ್ತದ ಕಣಮ್ಮಿ.’

‘ಬಿದ್ರೆ ಬೀಳ್ಲಿ. ನಾವೂ ನಾಕ್ ಜನ ಇದ್ದಂಗೆ ಇರನ.’

ಆ ವಾರವೆಲ್ಲ ಊಟದ ಹೊತ್ತಿಗೆ ಅದೇ ಮಾತು ತೆಗೆದು ಅವರ ಜೀವ ತಿಂದೆ.

ಭಾನುವಾರ ಬೆಳಗ್ಗೆ ಹಂಗಳದ ಬಸ್ಸಿಳಿದು ಚಿಕ್ಕಮಾದಮ್ಮ ಬಂದಳು. ಅವಳ ಮಗಳು ನಿಂಗಿ, ಒಂಬತ್ತು ವರ್ಷದವಳು, ಮೇಷ್ಟ್ರ ಹತ್ತಿರ ಕಲಿಯುತ್ತಿದ್ದಳು. ಚಿಕ್ಕಮಾದಮ್ಮ ಜಗಲಿಯ ಮೇಲೆ ಕೂತು ಅಳತೊಡಗಿದಳು.

‘ಏನಾಯ್ತವ್ವ?’

‘ಮೇಷ್ಟ್ರು ನನ್ ಮಗಳ್ಗೆ ಬ್ಯಾಡ ಅನ್ನದ್ನ ಕಲ್ಸ್‌ಬುಟ್ಟವ್ರೆ ಕಣವ್ವ.’

‘ಎದುರು ಮಾತಾಡಿದ್ಲಾ?’

‘ನೆನ್ನ ಮುದ್ದೆ ಇಕ್ಕಿ ಉರುಳಿಕಾಳ್ ಸಾರು ಬುಟ್ಟೆ. ತಟ್ಟೆ ತಳ್ಬುಟ್ಟು ಬ್ಯಾಡ ಅಂದ್ಲು. ಬಾಯಿ ಬುಟ್ಟು ಅಂದ್ಲು. ಬಾಯ್ಗೆ ಅಲ್ಲು ಬಂದಾಗ್ನಿಂದ ಅವಳ್ಗೆ ಅದ್ನೇ ಇಕ್ಕಿವ್ನಿ. ಮಾತ್ ಬರದ ಮಗ, ಅದ್ನೇನ್ ಕೇಳದು ಅಂತ ಕೇಳ್ನೇ ಇಲ್ಲ. ಅವಳ್ಗೆ ಸೇರಾಕಿಲ್ಲ ಅಂತ ಎತ್ತವ್ವ ನಾನು, ನಂಗೇ ಗೊತ್ತಿಲ್ವಲ್ಲವ್ವ.’

ಅಷ್ಟು ವರ್ಷ ಆ ಮಗು ಸೇರದ ಸಾರನ್ನು ಸುಮ್ಮನೆ ನುಂಗಿತ್ತು. ತಿರುಗಿ ನೋಡಿದರೆ ಯಜಮಾನರು ಬಾಗಿಲಲ್ಲಿ ನಿಂತಿದ್ದರು.

‘ಡ ಅಕ್ಷರ ಸರ್ಯಾಗಿ ಅಂದ್ಲಾ?’ ಎಂದು ಕೇಳಿದರು.

‘ಸರ್ಯಾಗೇ ಅಂದ್ಲು ಸಾಮಿ.’

ಅವರು ನಕ್ಕರು. ನಮ್ಮ ಮಗ ಹುಟ್ಟಿದಾಗಲೂ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಚಿಕ್ಕಮಾದಮ್ಮನಿಗೆ ಕಾಫಿ ಕೊಟ್ಟು ಕಳಿಸಿ, ನಾನೇ ಮಸಿ ಕುಡಿಕೆ ತಂದು ಅವರ ಮುಂದಿಟ್ಟೆ.

‘ಬರಾಕಿಲ್ಲ ಅಂತ ಬರೀರಿ’ ಅಂದೆ.

ಆಮೇಲೆ ಇಪ್ಪತ್ತೆರಡು ವರ್ಷ ಅವರು ಆ ಮಕ್ಕಳಿಗೇ ಪಾಠ ಹೇಳಿದರು. ಸಂತೃಪ್ತಿಯಿಂದ ಬದುಕಿದರು. ಅವರ ಜೊತೆ ನಾನೂ ಬದುಕಿದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥ ಮಗುವಿದ್ದರೆ ತಡ ಮಾಡದೆ ಶಾಲೆಗೆ ಕಳಿಸಿ. ಆ ಮಕ್ಕಳಿಗೆ ಕಲಿಸುವವರು ಎದುರಾದರೆ ‘ಪಾಪ’ ಅನ್ನಬೇಡಿ. ‘ಒಳ್ಳೆ ಶಾಲೆಗೆ ಯಾವಾಗ ಹೋಗ್ತೀರಿ’ ಎಂದು ಕೇಳಬೇಡಿ. ನಾನು ಕೇಳಿದ್ದೇ ಸಾಕು. ‘ಇವತ್ತು ಮಕ್ಕಳು ಏನು ಕಲಿತರು?’ ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೂ ಎದ್ದು ಹೋಗಬೇಡಿ.